ನಮ್ಮ ಮನೆಯ ಗುಂಡಿನ ಸಾಲುಗಳು

ಶಿಸ್ತಿನ ಮನೆಯಲ್ಲಿ ನಗೆಗೆ ಜಾಗವಿಲ್ಲ ಎಂದು ತಿಳಿದವರು ಸವಣೂರಿನ ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು. ಸೊಸೆ ಗುಂಡು ಹಾರಿಸುವ ಕೆಲಸ ಹಿಡಿದಂದಿನಿಂದ ಒಂದು ನಗೆ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ.

ಯಾರೂ ಗಾಬರಿಯಾಗುವುದು ಬೇಡ. ಗುಂಡು ಹಾರುವುದು ಕಂಪ್ಯೂಟರಿನ ಪರದೆಯ ಮೇಲೆ. ಈ ಬಗೆಯ ಆಟದಲ್ಲಿ ಕೆಳಗೆ ಒಂದು ಪುಟ್ಟ ವಿಮಾನ ಇರುತ್ತದೆ. ಅದನ್ನು ಆಡುವವರು ನಡೆಸಬೇಕು. ಮೇಲೆ ಶತ್ರು. ಅವನು ಸುರುಳಿಯಾಗಿ, ಬೀಸಣಿಗೆಯಾಗಿ, ಹೂವಾಗಿ ನೂರಾರು ಗುಂಡು ಸುರಿಸುತ್ತಾನೆ. ಸಂದಿಯಲ್ಲಿ ನುಸುಳಿ ಬದುಕಿದರೆ ಗೆದ್ದಂತೆ. ಒಂದೊಂದು ಗುಂಡಿಗೂ ದಾರಿ ಬರೆಯುತ್ತ ಕುಳಿತರೆ ಆಟ ತಯಾರಿಸುವವರ ಆಯುಸ್ಸೇ ಮುಗಿದೀತು. ಅದಕ್ಕೆಂದು ನನ್ನ ಸೊಸೆ ಒಂದು ಲೈಬ್ರರಿ ಬರೆದಿದ್ದಾಳೆ. ಪುಸ್ತಕದ ಲೈಬ್ರರಿಯಲ್ಲ, ಸಿದ್ಧ ಆಜ್ಞೆಗಳ ಕಂತೆ. ಇಲ್ಲಿಂದ ಹೊರಡು, ಇಷ್ಟು ವೇಗದಲ್ಲಿ ಹೋಗು, ಪ್ರತಿ ಸಲ ಸ್ವಲ್ಪ ತಿರುಗು ಎಂದು ನಾಲ್ಕು ಸಾಲು ಬರೆದರೆ ಗುಂಡುಗಳು ತಾವೇ ಚಿತ್ತಾರ ಬಿಡಿಸುತ್ತವೆ. ಅದನ್ನು ಯಾರು ಬೇಕಾದರೂ ತಮ್ಮ ಆಟಕ್ಕೆ ತೆಗೆದುಕೊಳ್ಳಬಹುದು.

ಆಗ ಅವಳು ದಿನಾ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ ಒಂದು ಕಚೇರಿಯಲ್ಲಿ ಬಿಲ್ಲು ಟೈಪು ಮಾಡುತ್ತಿದ್ದಳು. ಮರಳಿ ಬರುವಾಗ ಅವಳ ಮುಖ ನೋಡಿದರೆ ಬಸ್ಸು ಅವಳನ್ನು ಹೊತ್ತು ತಂದಿತೋ, ಅವಳು ಬಸ್ಸನ್ನು ಹೊತ್ತು ತಂದಳೋ ಎನ್ನಿಸುತ್ತಿತ್ತು. ಪುಣೆಯ ಒಂದು ಆಟದ ಕಂಪನಿ ಆ ಲೈಬ್ರರಿಯ ಸುದ್ದಿ ಕೇಳಿ, ವಿಡಿಯೋ ಕಾಲಿನಲ್ಲಿ ಆಡಿಸಿ ತೋರಿಸು, ಒಪ್ಪಿಗೆಯಾದರೆ ಮನೆಯಲ್ಲೇ ಕುಳಿತು ಮಾಡುವ ಕೆಲಸ ಕೊಡುತ್ತೇವೆ ಎಂದಿತು. ಒಪ್ಪಿಗೆಯಾಗದಿದ್ದರೆ ಮತ್ತೆ ಹುಬ್ಬಳ್ಳಿಯ ಬಸ್ಸೇ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಹಿರೇಕೆರೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಮೇಟ್ರನ್ ಆಗಿದ್ದವಳು. ಮನೆಯ ಹುಡುಗಿಗೆ ಇಂಥ ಪರೀಕ್ಷೆ ಇರುವಾಗ ಕೈಕಟ್ಟಿ ಕೂರುವುದು ನನ್ನಿಂದಾಗದು. ಮಗ ಹಂಸಭಾವಿಯಲ್ಲಿ ಮೇಷ್ಟರು, ವಾರಕ್ಕೊಮ್ಮೆ ಬರುತ್ತಾನೆ. ಅವನನ್ನು ಇದರಲ್ಲಿ ಎಳೆಯುವುದು ಬೇಡ.

ತೋಳಳತೆಯ ಅಂತರ

ಮೊದಲ ದಿನ ಸೊಸೆ ನನ್ನ ಮುಂದೆ ಆಟ ಹಚ್ಚಿದಳು. ಗುಂಡುಗಳು ಶಾಲೆ ಬಿಟ್ಟ ಮಕ್ಕಳಂತೆ ಎಲ್ಲೆಂದರಲ್ಲಿ ಓಡಿದವು. ನನಗೆ ಸಹಿಸಲಾಗಲಿಲ್ಲ. ಇಬ್ಬಿಬ್ಬರಂತೆ ಸಾಲು ಹಿಡಿಸು, ಒಂದಕ್ಕೂ ಇನ್ನೊಂದಕ್ಕೂ ತೋಳಳತೆಯ ಅಂತರವಿರಲಿ, ಯಾವುದೂ ಸಾಲು ಮುರಿಯಬಾರದು ಎಂದು ಹೇಳಿದೆ. ಅವಳು ಎದುರು ಮಾತಾಡುವ ಹುಡುಗಿಯಲ್ಲ. ಹೇಳಿದಂತೆಯೇ ಬರೆದಳು. ಗುಂಡುಗಳು ಪ್ರಾರ್ಥನೆಗೆ ಹೊರಟ ಹುಡುಗಿಯರ ಹಾಗೆ ಜೋಡಿ ಜೋಡಿಯಾಗಿ ಇಳಿದು ಬಂದವು. ನೋಡಿ ನನ್ನ ಕಣ್ಣು ತಂಪಾಯಿತು.

ಪರೀಕ್ಷಿಸಲು ನಮ್ಮ ಮನೆಯವರನ್ನು ಕೂರಿಸಿದೆವು. ಅವರು ಹಾನಗಲ್ಲಿನವರು, ಕೆರೆ ಕಾಲುವೆಗಳ ಕೆಲಸದಲ್ಲಿದ್ದು ನಿವೃತ್ತರಾದವರು, ಕಂಪ್ಯೂಟರು ಮುಟ್ಟಿದವರಲ್ಲ. ಬರೆದ ಸೊಸೆಯೇ ಸೋತಿದ್ದ ಆ ಆಟದಲ್ಲಿ ಅವರು ವಿಮಾನವನ್ನು ಎಡಗಡೆಯ ಕೆಳಮೂಲೆಗೆ ಒಯ್ದು ನಿಲ್ಲಿಸಿ, ಚಹಾ ಕುಡಿಯುತ್ತ ಕುಳಿತರು. ಒಂದು ಗುಂಡೂ ತಾಗಲಿಲ್ಲ.

ಸೊಸೆ ಬೆರಗಾಗಿ ಕೇಳಿದಳು: "ಮಾವಾರ, ಆ ಮೂಲ್ಯಾಗ ಗುಂಡು ಬರೂದಿಲ್ಲಂತ ನಿಮಗ ಹೆಂಗ ಗೊತ್ತಾತರಿ?"

ಅವರು ಕಪ್ಪು ಕೆಳಗಿಡದೆ ಹೇಳಿದರು: "ಗುಂಡಿನ ವಿಷಯ ನನಗ ಗೊತ್ತಿಲ್ಲವಾ. ನಿಮ್ಮ ಅತ್ತಿ ಸಿಟ್ಟಿಗೆದ್ದಾಗ ನಾ ನಿಂದ್ರೂ ಜಾಗಾ ಅದು."

ಗೇಟು ದಾಟಿದವರಿಗೆ ಊಟವಿಲ್ಲ

ಇನ್ನೊಂದು ದಿನ ಆಟ ಆಡುತ್ತ ಆಡುತ್ತ ಕಂಪ್ಯೂಟರು ಕುಂಟತೊಡಗಿತು. ಕಾರಣ ಕೇಳಿದೆ. ಪರದೆಯ ಆಚೆ ಹೋದ ಗುಂಡು ನಮಗೆ ಕಾಣದಿದ್ದರೂ ಕಂಪ್ಯೂಟರು ಅದನ್ನು ಇನ್ನೂ ಸಾಕುತ್ತಲೇ ಇರುತ್ತದಂತೆ. ಸಾವಿರಾರು ಗುಂಡು ಹೊರಗೆ ಅಲೆಯುತ್ತ ಒಳಗಿನ ಜಾಗ ತಿನ್ನುತ್ತವಂತೆ.

ಇದು ನನಗೆ ಹೊಸ ಸಮಸ್ಯೆಯೇ ಅಲ್ಲ. ನನ್ನ ಹಾಸ್ಟೆಲಿನಲ್ಲಿ ಅಪ್ಪಣೆಯಿಲ್ಲದೆ ಗೇಟು ದಾಟಿದವಳಿಗೆ ಅಂದಿನ ಊಟದಲ್ಲಿ ಪಾಲಿರಲಿಲ್ಲ. ಅಡಿಗೆಯವಳು ಅವಳ ತಟ್ಟೆಯನ್ನೇ ಎತ್ತಿಡುತ್ತಿದ್ದಳು. ಗುಂಡಿಗೂ ಹಾಗೆಯೇ ಮಾಡು ಎಂದೆ. ಸೊಸೆ ಒಂದು ಆಜ್ಞೆ ಬರೆದು ಅದಕ್ಕೆ 'ಊಟವಿಲ್ಲ' ಎಂಬ ಅರ್ಥದ ಇಂಗ್ಲಿಷ್ ಹೆಸರನ್ನೇ ಇಟ್ಟಳು. ಕಂಪ್ಯೂಟರು ನೆಟ್ಟಗಾಯಿತು. ಅವಳ ಲೈಬ್ರರಿ ತೆಗೆದುಕೊಂಡಿದ್ದ, ಊರು ಗೊತ್ತಿಲ್ಲದ ಯಾರೋ ಹುಡುಗರು, ಊಟವಿಲ್ಲ ಎಂದ ಮೇಲೆ ನಮ್ಮ ಆಟ ಚೆನ್ನಾಗಿ ಓಡುತ್ತಿದೆ ಎಂದು ಬರೆದು ತಿಳಿಸಿದರು.

ಆ ಆಜ್ಞೆ ಬರೆದ ಸಂಜೆಯೇ ನಮ್ಮ ಮನೆಯವರು ಹಾನಗಲ್ಲಿನಿಂದ ಬರುವುದು ತಡವಾಯಿತು. ತಡವಾಗುತ್ತದೆ ಎಂದು ಹೇಳಿಯೂ ಹೋಗಿರಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು ಸೊಸೆಯನ್ನು ಮೆಲ್ಲಗೆ ಕೇಳಿದರು: "ನಾ ಈಗ ಪರದೆ ಒಳಗ ಅದೀನೋ, ಹೊರಗ ಅದೀನೋ?"

ಸಭ್ಯರ ಕೈಪಿಡಿ

ಲೈಬ್ರರಿಯ ಜೊತೆ ಅದನ್ನು ಬಳಸುವ ಕ್ರಮ ತಿಳಿಸುವ ಒಂದು ಇಂಗ್ಲಿಷ್ ಕೈಪಿಡಿ ಬೇಕಿತ್ತು. ಸೊಸೆ ಬರೆದದ್ದನ್ನು ತಿದ್ದುವ ಕೆಲಸ ನಾನು ವಹಿಸಿಕೊಂಡೆ. ಮೊದಲ ಪುಟದಲ್ಲೇ ಶತ್ರು ಸಾಯುತ್ತಾನೆ, ಎರಡನೆಯ ಪುಟದಲ್ಲಿ ಆಡುವವನು ಸಾಯುತ್ತಾನೆ, ಮೂರನೆಯದರಲ್ಲಿ ಎಲ್ಲರೂ ಸಾಯುತ್ತಾರೆ. ಹೊರಗಿನವರು ಓದುವ ಪುಸ್ತಕದಲ್ಲಿ ಇದೆಂಥ ಭಾಷೆ? ನಮಗೆ ಕಲಿಸಿದ ಸಿಸ್ಟರುಗಳು ಕಾನ್ವೆಂಟಿನ ಬೆಕ್ಕು ಸತ್ತಾಗಲೂ ಆ ಪದ ಬಾಯಲ್ಲಿ ತಂದವರಲ್ಲ. ಕುಳಿತು ಎಲ್ಲವನ್ನೂ ತಿದ್ದಿದೆ. ಸಾಯುತ್ತಾನೆ ಎಂದಿದ್ದಲ್ಲೆಲ್ಲ 'ವಿಶ್ರಾಂತಿಗೆ ತೆರಳುತ್ತಾನೆ' ಎಂದಾಯಿತು.

ವಾರದೊಳಗೆ ಯಾರೋ ಒಬ್ಬ ವಿನಯದಿಂದ ಪ್ರಶ್ನೆ ಕಳಿಸಿದ. ಗುಂಡುಗಳು ಚೆನ್ನಾಗಿವೆ, ಕೈಪಿಡಿಯೂ ಚೆನ್ನಾಗಿದೆ, ಆದರೆ ವಿಶ್ರಾಂತಿಗೆ ತೆರಳಿದ ಶತ್ರು ಕೆಲಸಕ್ಕೆ ಮರಳುವ ಹೊತ್ತು ಯಾವುದೆಂದು ಎಲ್ಲಿಯೂ ತಿಳಿಸಿಲ್ಲ, ಆತನಿಗಾಗಿ ಕಾಯುತ್ತಿದ್ದೇನೆ ಎಂದು.

ಅಕ್ಕಡಿ ಸಾಲು

ಪುಣೆಯವರಿಗೆ ತೋರಿಸುವ ದಿನ ಬಂತು. ಹಿಂದಿನ ದಿನವೇ ಹಿರೇಬೆಂಡಿಗೇರಿಯಿಂದ ಬೀಗಿತ್ತಿ ಬಂದಿದ್ದರು, ಎಂದರೆ ಸೊಸೆಯ ತಾಯಿ. ಒಕ್ಕಲುತನದ ಮನೆಯವರು. ಬಿತ್ತುವಾಗ ಕೂರಿಗೆಯ ಹಿಂದೆ ನಡೆಯುತ್ತ ಕಾಳು ಬಿಡುವುದರಲ್ಲಿ ಅವರ ಕೈಯನ್ನು ಊರೇ ಹೊಗಳುತ್ತದೆ. ಮಗಳ ಕೆಲಸ ಏನೆಂದು ಅವರು ಕೇಳಿರಲಿಲ್ಲ. ಮಗಳಿಗೆ ಬಸ್ಸಿನ ಓಡಾಟ ತಪ್ಪಿದರೆ ಸಾಕಾಗಿತ್ತು.

ಕಾಲ್ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಸೊಸೆ ಎಲ್ಲವನ್ನೂ ಸಿದ್ಧ ಮಾಡಿ, ಆಟವನ್ನು ಪರದೆಯ ಮೇಲೆ ಓಡುತ್ತ ಬಿಟ್ಟು, ಸ್ನಾನಕ್ಕೆ ಹೋದಳು. ಬೀಗಿತ್ತಿ ಬಂದು ಪರದೆಯ ಮುಂದೆ ನಿಂತರು. ಮೇಲಿನಿಂದ ಗುಂಡುಗಳು ಉದ್ದುದ್ದ ಸಾಲಾಗಿ, ಅಲೆ ಅಲೆಯಾಗಿ ಇಳಿಯುತ್ತಿದ್ದವು. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಚೂರು ಬಿಡುವು. ನಾಲ್ಕು ಸಾಲಾದ ಮೇಲೆ ಒಂದು ಸಾಲನ್ನು ಸೊಸೆ ಖಾಲಿ ಬಿಟ್ಟಿದ್ದಳು.

ಬೀಗಿತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: "ಅಕ್ಕಾರ, ಹುಡುಗಿ ಚಂದ ಬಿತ್ಯಾಳ. ಆದರ ಈ ಸಾಲು ಯಾಕ ಹುಸಿ ಬಿಟ್ಟಾಳರಿ? ಪುಣೇದ ಮಂದಿ ನೋಡಿದರ ಏನಂದಾರು? ಅವರವ್ವ ಕಲಿಸಿಲ್ಲ ಅಂತಾರ."

ಖಾಲಿ ಸಾಲು ನನಗೂ ಸರಿ ಕಾಣಲಿಲ್ಲ. ಊಟದ ಪಂಕ್ತಿಯಲ್ಲಿ ನಡುವೆ ಒಂದು ಎಲೆ ಖಾಲಿ ಇದ್ದರೆ ನಾನು ಬಡಿಸಲು ಬಿಟ್ಟವಳಲ್ಲ. ಏನು ಮಾಡಬೇಕು ಎಂದೆ. ಅಕ್ಕಡಿ ಹಾಕ್ರಿ ಎಂದರು. ಶೇಂಗಾ ಬಿತ್ತುವಾಗ ಕೆಲವು ಸಾಲಿಗೊಮ್ಮೆ ತೊಗರಿಯದೊಂದು ಸಾಲು ಬಿಡುತ್ತಾರಲ್ಲ, ಅದೇ ಅಕ್ಕಡಿ. ಸೊಸೆಯ ಆಜ್ಞೆಗಳೆಲ್ಲ ಸರಳ ಇಂಗ್ಲಿಷು, ಅಷ್ಟು ದಿನ ನೋಡಿ ನನಗೆ ಕರಗತವಾಗಿದ್ದವು. ಪಕ್ಕದ ಸಾಲಿನ ಆಜ್ಞೆಯನ್ನೇ ನಕಲು ಮಾಡಿ, ಜಾಗ ಮಾತ್ರ ಬದಲಿಸಿದೆ. ಬೀಗಿತ್ತಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ತೊಗರಿ ಶೇಂಗಾದಷ್ಟು ಬೇಗ ಬರುವ ಪೀಕಲ್ಲ ಎಂದರು, ವೇಗ ಇಳಿಸಿದೆ. ಒತ್ತೊತ್ತಾಗಿ ಬೀಳಬಾರದು ಎಂದರು. ಬಿಡಿ ಬಿಡಿಯಾಗಿ ಬರುವಂತೆ ಮಾಡಿದೆ. ಹೊಲ ತುಂಬಿತು. ಇಬ್ಬರೂ ಹಿಂದೆ ಸರಿದು ನಿಂತು ನೋಡಿ ತೃಪ್ತಿಪಟ್ಟೆವು.

ಸೊಸೆ ಹಸಿ ಕೂದಲು ಕಟ್ಟಿಕೊಳ್ಳುತ್ತ ಬರುವುದಕ್ಕೂ ಕಾಲ್ ಬರುವುದಕ್ಕೂ ಸರಿಹೋಯಿತು. ಕಂಪನಿಯ ಹಿರಿಯರು ಕನ್ನಡಕದ ಸಾಹೇಬರೊಬ್ಬರು, ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ನಮ್ಮ ಪರದೆಯ ಆಟವನ್ನು ಪುಣೆಯಿಂದಲೇ ನಡೆಸುತ್ತ ತಾವೇ ಆಡಲು ಕುಳಿತರು. ವಿಮಾನ ಸತ್ತಿತು. ಮತ್ತೆ ಆಡಿದರು. ಮತ್ತೆ ಸತ್ತಿತು. ಖಾಲಿ ಸಾಲಿಗೆ ಬನ್ನಿ ಸರ್, ಅಲ್ಲಿ ಏನೂ ಆಗುವುದಿಲ್ಲ ಎಂದಳು ಸೊಸೆ. ಖಾಲಿ ಸಾಲು ಎಲ್ಲಿದೆ ತೋರಿಸಮ್ಮ ಎಂದರು ಅವರು.

ಸೊಸೆ ಪರದೆ ನೋಡಿದಳು. ಆಮೇಲೆ ನಮ್ಮಿಬ್ಬರನ್ನು ನೋಡಿದಳು. ನಾನು ಸುಳ್ಳು ಹೇಳುವವಳಲ್ಲ. ಕೈ ಆಡಿಸಿದ್ದು ನಾನು ಎಂದೆ. ಹೇಳಿದ್ದು ನಾನು ಎಂದರು ಬೀಗಿತ್ತಿ, ಅಭಿಮಾನದಿಂದಲೇ. ಸೊಸೆ ಗಟ್ಟಿಯಾಗಿ ಮಾತಾಡಲಿಲ್ಲ.

"ಅವ್ವಾ, ಅತ್ತ್ಯಾರ, ವಿಮಾನ ಬದಕೂ ದಾರಿ ಅದೊಂದ ಇತ್ತರಿ. ಇನ್ನ ನಾ ಬಸ್ಸಿನ ಪಾಸ್ ಮಾಡಸ್ತೇನಿ."

ಬೀಗಿತ್ತಿ ಸೆರಗಿನ ಅಂಚು ಹಿಡಿದು ತಿರುವತೊಡಗಿದರು. ಆದರೆ ಆ ಸಾಹೇಬರು ಹಟದ ಮನುಷ್ಯ, ಆಟ ಬಿಟ್ಟು ಏಳಲಿಲ್ಲ. ನಮ್ಮ ತೊಗರಿ ಸಾಲಿಗೇ ಬಂದು ನಿಂತರು. ನಿಧಾನವಾಗಿ ಒಂದು ಗುಂಡು ಇಳಿಯಿತು. ಅಷ್ಟರಲ್ಲಿ ಶೇಂಗಾದ ಅಲೆ ಮುಗಿದು ಬಿಡುವು ಬಿತ್ತು. ಅವರು ಪಟ್ಟನೆ ಪಕ್ಕಕ್ಕೆ ಸರಿದು ತೊಗರಿಗೆ ದಾರಿ ಕೊಟ್ಟು, ಮುಂದಿನ ಅಲೆ ಬರುವ ಮೊದಲು ಮತ್ತೆ ತಮ್ಮ ಸಾಲಿಗೆ ಬಂದರು. ಬದುಕಿದರು. ಇನ್ನೊಮ್ಮೆ ಹಾಗೆಯೇ. ಮಗದೊಮ್ಮೆ. ಹಣೆಯ ಬೆವರು ಒರೆಸಿಕೊಂಡು ನಕ್ಕರು. ಖಾಲಿ ಸಾಲು ಬಿಟ್ಟಿದ್ದರೆ ಆಡುವವನು ಅಲ್ಲಿ ಮಲಗಿಬಿಡುತ್ತಿದ್ದ, ಇದರಲ್ಲಿ ಕಣ್ಣು ಮಿಟುಕಿಸುವ ಹಾಗಿಲ್ಲ, ನಿಮ್ಮ ಲೈಬ್ರರಿ ನಮಗೆ ಬೇಕು, ನೀವೂ ಬೇಕು ಎಂದರು. ಸೊಸೆ ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೂಂ ಎಂದಳು.

ಈ ಸಾಲಿನ ಯೋಚನೆ ಯಾರದು ಎಂದು ಅವರು ಕೇಳಿದರು. ಸೊಸೆ ತಾಯಿಯನ್ನು ಕ್ಯಾಮರಾದ ಮುಂದೆ ಎಳೆದು ಕೂರಿಸಿದಳು. ಅವರಿಗೆ ಏನಾದರೂ ಹೇಳುವುದಿದ್ದರೆ ಹೇಳಲಿ ಎಂದರು ಸಾಹೇಬರು.

ಬೀಗಿತ್ತಿ ಸೆರಗು ಸರಿಪಡಿಸಿಕೊಂಡು ಪರದೆಯಲ್ಲಿ ಬದುಕಿ ಉಳಿದಿದ್ದ ಆ ವಿಮಾನಕ್ಕೆ ಬೆರಳು ತೋರಿಸಿದರು.

"ಎಲ್ಲಾ ಚಂದ ಆಗೇತರಿ, ಸಾಹೇಬ್ರ. ಆದರ ಆಗಿಂದ ನೋಡಾಕತ್ತೇನಿ, ಸಾಲಿನ ನಡುವ ಒಂದು ಕಳೆ ಓಡಾಡಾಕತ್ತೈತಿ. ಅದನ್ನ ಯಾವಾಗ ಕೀಳತೀರಿ?"

ಸೊಸೆ ತಲೆ ತಗ್ಗಿಸಿದಳು. ಇಂಗ್ಲಿಷಿಗೆ ತಿರುಗಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒಂದು ಪದ ಬಿಡದೆ ಹೇಳಿದೆ.

ಸಾಹೇಬರು ಅಷ್ಟು ಕಷ್ಟಪಟ್ಟು ಉಳಿಸಿಕೊಂಡಿದ್ದ ವಿಮಾನವನ್ನು ಮೆಲ್ಲಗೆ ನಡೆಸಿ, ಶೇಂಗಾದ ಸಾಲಿನಲ್ಲಿ ಗುಂಡಿಗೆ ಅಡ್ಡವಾಗಿ ತಂದು ನಿಲ್ಲಿಸಿದರು.

"ಹಾಂ," ಎಂದರು ಬೀಗಿತ್ತಿ, "ಈಗ ಹೊಲ ಹಸನಾತು ನೋಡ್ರಿ."