ಫಾದರ್ ತಂದ ಕುಬಸ

ನಮ್ಮ ದೊಡ್ಡವ್ವನ ಕಿವಿ ಬಲು ಚುರುಕು. ಎದುರು ಮನೆಯಲ್ಲಿ ಒಗ್ಗರಣೆ ಸಿಡಿದರೆ ಸಾಸಿವೆಯೋ ಜೀರಿಗೆಯೋ ಎಂದು ಕೂತಲ್ಲಿಂದಲೇ ಹೇಳುತ್ತಾಳೆ. ಆದರೆ ‘ಆಗಂಗಿಲ್ಲ’ ಎಂಬ ಒಂದು ಮಾತು ಮಾತ್ರ ಆ ಕಿವಿಗೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ! ಡಾಕ್ಟರಿಗೆ ತೋರಿಸೋಣವೆಂದರೆ, ಅವರಾದರೂ ಏನು ಮಾಡಿಯಾರು? ‘ಇದು ಗುಣ ಆಗಂಗಿಲ್ಲ’ ಅಂದರೆ ಅದೂ ಕೇಳಿಸಬೇಕಲ್ಲ!

ಹೋದ ವರ್ಷ ಅಫಜಲಪುರದ ಸಂಬಂಧಿಕರ ಮನೆಗೆ ಹೋಗಿದ್ದವಳು ಬಸ್ಸಿನಲ್ಲಿ ಜೇವರ್ಗಿಗೆ ವಾಪಸಾಗುತ್ತಿದ್ದಳು. ನಮ್ಮ ಚರ್ಚು ಊರ ಹೊರಗೆ, ರಸ್ತೆಗೆ ಹತ್ತಿಕೊಂಡೇ ಇದೆ. ಅದರ ಮುಂದೆಯೇ ಬಸ್ಸು ನಿಲ್ಲಬೇಕೆಂದು ಅವಳ ಹುಕುಂ.

“ಇಲ್ಲಿ ಸ್ಟಾಪ್ ಇಲ್ಲಬೇ ಯವ್ವಾ,” ಎಂದ ಕಂಡಕ್ಟರ್.

“ಸ್ಟಾಪ್ ಇಲ್ಲಂದ್ರ ಇಲ್ದಿರ್ಲಿ. ಬ್ರೇಕ್ ಅದನೋ ಇಲ್ಲೋ?”

ಬ್ರೇಕ್ ಇತ್ತು. ಬಸ್ಸು ನಿಂತಿತು. ಇಳಿದವಳು ದೊಡ್ಡವ್ವ ಒಬ್ಬಳೇ ಅಲ್ಲ. ಅವಳ ಸೆರಗು ಹಿಡಿದು ಒಬ್ಬ ಹುಡುಗಿಯೂ ಇಳಿದಳು. ಚೌಡಾಪುರದಲ್ಲಿ ಹತ್ತಿ, ದೊಡ್ಡವ್ವನ ಪಕ್ಕದಲ್ಲಿ ಕೂತು, ದಾರಿಯುದ್ದಕ್ಕೂ ಅಳುತ್ತ ಬಂದವಳು. ಅಲ್ಲಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳಂತೆ. ಹವಳಗಾದ ಕಡೆ ಕಬ್ಬಿನ ಸುಗ್ಗಿಗೆ ಬಂದವನೊಬ್ಬ ಮದುವೆಯಾಗುತ್ತೇನೆಂದು ಮಾತು ಕೊಟ್ಟ. ಸುಗ್ಗಿ ಮುಗಿಯಿತು, ಅವನ ಫೋನೂ ಮುಗಿಯಿತು. ಹುಡುಗಿಗೆ ಆಗಲೇ ನಾಲ್ಕು ತಿಂಗಳು. ಬಸುರಿಯೆಂದು ಖಾನಾವಳಿಯವರು ಕೆಲಸ ಬಿಡಿಸಿದರು. ಮನೆಗೆ ಹೋದರೆ ಹೆತ್ತ ತಾಯಿಯೇ ಬಾಗಿಲಿಗೆ ಅಡ್ಡ ನಿಂತಳು: “ನಿನ್ನ ತಂಗ್ಯಾರ ಮದುವಿ ಆಗಬೇಕು. ಈ ಹೊಟ್ಟಿ ಹೊತ್ಕೊಂಡು ಈ ಹೊಸ್ತಿಲಾ ದಾಟಬ್ಯಾಡ.” ಹುಡುಗಿಗೆ ಮಗು ಬೇಕಿತ್ತು. ಹೆರಲು ಒಂದು ಜಾಗ ಮಾತ್ರ ಇರಲಿಲ್ಲ.

ನಮ್ಮ ಫಾದರ್ ಆಗಷ್ಟೇ ಮಂಗಳೂರು ಕಡೆಯಿಂದ ಬಂದಿದ್ದರು. ಎಳೆಯ ವಯಸ್ಸು, ಪುಸ್ತಕದ ಕನ್ನಡ. “ನೋಡಿ ಅಮ್ಮಾ, ಚರ್ಚಿನ ಹಿಂದೆ ಇರುವುದು ಒಂದೇ ಕೋಣೆ. ಅದರಲ್ಲಿ ಕ್ರಿಸ್‌ಮಸ್ ಗೋದಲಿಯ ಬೊಂಬೆಗಳಿವೆ,” ಎಂದರು.

ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಮಣ್ಣಿನ ಮರಿಯವ್ವಗ ಖೋಲಿ ಅದ, ಜೀವಂತ ಬಸರಿಗಿ ಇಲ್ಲೇನ್ರಿ ಫಾದರ್?”

ಸಂಜೆಯೊಳಗೆ ಮರಿಯವ್ವ, ಜೋಸೆಫಪ್ಪ, ಮೂವರು ರಾಯರು, ಒಂದು ಒಂಟೆ ಎಲ್ಲರೂ ಫಾದರ್ ಮಲಗುವ ಕೋಣೆಗೆ ವರ್ಗವಾದರು! ಒಂಟೆಯ ಮೂತಿ ನೋಡುತ್ತಲೇ ತಮಗೆ ನಿದ್ದೆ ಹತ್ತುವುದೆಂದು ಫಾದರ್ ಆಮೇಲೆ ನನ್ನ ಬಳಿ ಹೇಳಿಕೊಂಡರು. ಕಾನ್ವೆಂಟಿನ ಸಿಸ್ಟರ್ ಒಬ್ಬರು ಹುಡುಗಿಯನ್ನು ತಪ್ಪದೆ ಆಸ್ಪತ್ರೆಗೆ ಕರೆದೊಯ್ದರು. ಚರ್ಚಿನ ಹೆಂಗಸರು ಜೋಳ, ತೊಗರಿಬೇಳೆ, ಹಾಲು ತಂದುಕೊಟ್ಟರು. ಕೊಡದವರ ಮನೆಗೆ ದೊಡ್ಡವ್ವನೇ ಹೋಗಿ ಕೂತಳು. ಅವಳು ಎದ್ದುಹೋದರೆ ಸಾಕೆಂದು ಅವರೂ ಕೊಟ್ಟರು.

ಹುಡುಗಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಊರಂಚಿನ ಓಣಿಯಿಂದ ಯಾರದೋ ಕುಬಸದ ಹಾಡು ಕೇಳಿಬಂತು. ನಮ್ಮ ಕಡೆ ಕುಬಸವೆಂದರೆ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ರವಿಕೆಯ ಖಣ ಕೊಟ್ಟು, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವತ್ತು ಊಟ ಮುಟ್ಟಲಿಲ್ಲ. “ತವರ ಇಲ್ಲದಾಕಿಗಿ ಎಲ್ಲಿ ಕುಬಸರಿ,” ಎಂದಳಷ್ಟೇ.

ದೊಡ್ಡವ್ವ ಎದ್ದವಳೇ ನೆಟ್ಟಗೆ ಫಾದರ್ ಮುಂದೆ ನಿಂತಳು.

“ಫಾದರ್ ಅಂದ್ರ ಕನ್ನಡದಾಗ ಏನ್ರಿ?”

“ತಂದೆ.”

“ಹಂಗಾದ್ರ ಮುಗೀತು. ಮಗಳಿಗಿ ಕುಬಸ ನೀವೇ ತರಬೇಕ್ರಿ.”

“ಕುಬಸ... ಅಂದರೆ ಕುಪ್ಪಸವೇ?” ಫಾದರ್ ಕಿವಿಯವರೆಗೂ ಕೆಂಪಾದರು. “ಅಮ್ಮಾ, ನಾನು ಗುರು. ಅಂಗಡಿಗೆ ಹೋಗಿ ರವಿಕೆ ತರುವುದು ಆಗುವುದಿಲ್ಲ...”

ಆ ಕೊನೆಯ ಮಾತು ದೊಡ್ಡವ್ವನಿಗೆ ಕೇಳಿಸಲಿಲ್ಲವೆಂದು ಬೇರೆ ಹೇಳಬೇಕೆ? ಅವಳು ಫಾದರಿಗೆ ಪಾಠ ಹೇಳಿಕೊಟ್ಟಳು: “ಅಂಗಡಿ ಸಾವಕಾರ್ರು ಕೇಳಿದ್ರ, ‘ಏಳರಾಗ ಅದಾಳ’ ಅನ್ರಿ. ಅವರಿಗಿ ತಿಳೀತದ.” ಫಾದರ್ ಅದನ್ನು ಪ್ರಾರ್ಥನೆಯಂತೆ ಬಾಯಿಪಾಠ ಮಾಡಿಕೊಂಡರು. ನನ್ನ ಸ್ಕೂಟಿಯ ಹಿಂದೆ ಅವರನ್ನು ಕೂರಿಸಿಕೊಂಡು ಬಜಾರಿಗೆ ಹೋದೆ.

ಸಾವಕಾರರು ಸೀರೆ ಹರವುತ್ತ ಎಲ್ಲರಿಗೂ ಕೇಳುವುದನ್ನೇ ಕೇಳಿದರು. “ಎಷ್ಟರಾಗ ತೋರಿಸ್ಲಿರಿ ಫಾದರ್?”

“ಏಳರಾಗ ಅದಾಳ!”

ಸಾವಕಾರರ ಕೈ ಅಲ್ಲೇ ನಿಂತಿತು. “ಯಾರ್ರೀ?”

“ಮಗಳು!”

ಮೀಟರ್ ಕೋಲು ಕೆಳಗೆ ಬಿತ್ತು. ಎತ್ತಿಕೊಡಲು ಬಗ್ಗಿದ ನಾನು ನಗು ತಡೆಯಲಾರದೆ ಕೌಂಟರಿನ ಕೆಳಗೇ ಉಳಿದೆ. ನಾವು ಚರ್ಚು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ಫಾದರಿಗೆ ಒಬ್ಬ ಮಗಳಿದ್ದಾಳೆ, ಅವಳು ಬಸುರಿ!

ಬೇರೆಯವರಾಗಿದ್ದರೆ ಮನೆಮನೆಗೆ ಹೋಗಿ ಸಮಜಾಯಿಷಿ ಕೊಡುತ್ತಿದ್ದರು. ದೊಡ್ಡವ್ವನೂ ಮನೆಮನೆಗೆ ಹೋದಳು. “ಹೌದ್ರಿ, ಮಗಳದಾಳ. ಐತವಾರ ಕುಬಸ ಅದ, ಬರ್ರಿ!” ಎಂದು ಆಮಂತ್ರಣ ಕೊಟ್ಟು ಬಂದಳು. ಚರ್ಚಿನ ಹಿರಿಯ ಹೆಂಗಸೊಬ್ಬರು ಮಾತ್ರ ಬಿಗಿದುಕೊಂಡರು. “ಮದುವಿ ಆಗದಾಕಿಗಿ ಕುಬಸ ಮಾಡಿದ್ರ ನಮ್ಮ ಹುಡುಗ್ಯಾರು ಏನ ಕಲೀಬೇಕ?”

“ಒಬ್ಬಾಕಿ ಬಿದ್ರ ಹತ್ತು ಮಂದಿ ಎತ್ತತಾರ ಅಂತ ಕಲೀಲಿ. ನೀವು ಶೇಂಗಾ ಹೋಳಿಗಿ ಮಾಡ್ಕೊಂಡು ಬರ್ರಿ. ನಿಮ್ಮಷ್ಟು ಚಲೋ ಯಾರಿಗೂ ಬರಂಗಿಲ್ಲ.”

ಅವರು ಹೋಳಿಗೆ ತಂದರು. ಗೌಡರ ಮನೆಯಿಂದ ಗೌಡಸಾನಿಯೇ ಬಂದರು. ಕುತೂಹಲಕ್ಕೆ ಬಂದವರೇ ಹೆಚ್ಚು, ನಿಜ. ಆದರೆ ಹಸಿರು ಸೀರೆಯುಟ್ಟು ತಲೆ ತಗ್ಗಿಸಿ ಕೂತ ಆ ಹುಡುಗಿಯನ್ನು ಕಂಡಮೇಲೆ ಯಾರೂ ಕುಹಕವಾಡಲಿಲ್ಲ. ಒಬ್ಬರು ಸೋಬಾನೆ ಎತ್ತಿಕೊಂಡರು, ಉಳಿದವರು ದನಿಗೂಡಿಸಿದರು. ಫಾದರ್ ಆಶೀರ್ವಾದ ಮಾಡಿದರು. ಮುತ್ತೈದೆಯರು ಒಬ್ಬೊಬ್ಬರಾಗಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದರು. ಎಲ್ಲ ಮುಗಿಯಿತೆಂದು ಎಲೆ ಹಾಕಲು ಎದ್ದಾಗಲೇ ನಾನು ಗಮನಿಸಿದ್ದು, ದೊಡ್ಡವ್ವ ಒಳಗಿರಲೇ ಇಲ್ಲ.

ಬಾಗಿಲಾಚೆ ಗೋಡೆಗೆ ಒರಗಿ ನಿಂತಿದ್ದಳು. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲದವಳು. ಊರಿಗೆಲ್ಲ ಎದುರು ನಿಂತವಳು ಇದೊಂದು ಶಾಸ್ತ್ರಕ್ಕೆ ತಾನಾಗಿ ತಲೆಬಾಗಿ ಹೊರಗುಳಿದಿದ್ದಳು.

ಹುಡುಗಿಯೂ ನೋಡಿದಳು. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ಬಾಗಿಲಿಗೆ ಬಂದಳು. ಅಲ್ಲಿಯವರೆಗೂ ಅವಳು ದೊಡ್ಡವ್ವನನ್ನು ‘ನೀವು’ ಎಂದೇ ಮಾತಾಡಿಸಿದವಳು.

“ಅವ್ವಾ, ನೀ ಹಾಕು.”

“ಬ್ಯಾಡ ನನ್ನವ್ವ. ನಾ ಮುಟ್ಟಬಾರದು.”

“ನನ್ನೂ ಯಾರೂ ಮುಟ್ಟಲಾರದಾಗ ನೀ ಕೈ ಹಿಡಿದಿ. ಅವ್ವ ಹೊರಗ ನಿಂತ್ರ ಇದೆಂಥಾ ತವರು?”

ಫಾದರ್ ತಾವೇ ಅಕ್ಕಿಯ ತಟ್ಟೆ ಎತ್ತಿ ತಂದು ದೊಡ್ಡವ್ವನ ಮುಂದೆ ಹಿಡಿದರು. ಅವಳು ಗೌಡಸಾನಿಯ ಮುಖ ನೋಡಿದಳು. ಗೌಡಸಾನಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಕಬೇ,” ಎಂದರು. ದೊಡ್ಡವ್ವ ಬೆರಳ ತುದಿಯಲ್ಲಿ ನಾಲ್ಕು ಕಾಳು ಹಿಡಿದು, ಹೆದರಿ ಹೆದರಿ ಉಡಿಯಲ್ಲಿ ಬಿಟ್ಟಳು.

ಹುಡುಗಿ ಉಡಿ ಹಿಂದೆಗೆಯಲಿಲ್ಲ.

“ಕೈ ತುಂಬ ಹಾಕಬೇ ಅವ್ವಾ,” ಎಂದಳು, “ನಾವು ಇಬ್ಬರದೀವಿ.”