ದಿಂಬಿನ ಕವರಿನ ಪತ್ತೇದಾರಿಕೆ

ಆ ಬುಧವಾರ ನಮ್ಮ ಯಜಮಾನರು ಬಾತುಕೋಳಿ ಸಾರಿಗೆ ಉಪ್ಪು ಕಮ್ಮಿ ಅಂದರು. ಮಂಗಳವಾರ ಜಾಸ್ತಿ ಅಂದಿದ್ದರು. ಎರಡು ದಿನವೂ ಒಂದೇ ಸಾರು. ಬಿಸಿ ಮಾಡಿ ತಂದಿದ್ದೆ, ಅಷ್ಟೆ.

ಲಕ್ವ ಹೊಡೆದು ಅವರ ಬಲಗಡೆ ಮೈ ಬಿದ್ದುಹೋಗಿತ್ತು. ಮಾತು ಅರ್ಧ ಬಾಯಲ್ಲೇ ಉಳಿಯುತ್ತಿತ್ತು. ದೂರು ಮಾತ್ರ ಪೂರ್ತಿ ಹೊರಗೆ ಬರುತ್ತಿತ್ತು.

ನಮ್ಮ ದಮಿಯೆತ್ತಾ ಊರಲ್ಲಿ ಮಿತ್ವಲ್ಲಿ ಉಸ್ತಾ, ಅಂದರೆ ಮಿತ್ವಲ್ಲಿ ಮೇಸ್ತ್ರಿ, ಎಲ್ಲರಿಗೂ ಗೊತ್ತು. ಮಂಚ, ಸೋಫಾ ಕೆತ್ತುವವರು. ಊರಿನ ಅರ್ಧ ಮದುಮಕ್ಕಳು ಅವರು ಕೆತ್ತಿದ ಮಂಚದ ಮೇಲೇ ಸಂಸಾರ ಶುರು ಮಾಡಿದ್ದಾರೆ. (ನಮ್ಮ ಮನೆ ಮಂಚ ನಲವತ್ತೊಂದು ವರ್ಷ ಕಿರುಗುಟ್ಟಿತು. ನಾಳೆ ನೋಡೋಣ, ನಾಳೆ ನೋಡೋಣ ಅನ್ನುತ್ತಲೇ ಇದ್ದರು.) ಅಂಥವರನ್ನು ನಾನು ವೃದ್ಧಾಶ್ರಮದ ಕಬ್ಬಿಣದ ಮಂಚದ ಮೇಲೆ ಮಲಗಿಸಿದ್ದೆ. ದಿನಾ ನಾನು ಹೋದ ತಕ್ಷಣ ಎಡಗೈಯಿಂದ ಕಂಬಿಗೆ ಟಣ್ ಅಂತ ಬಡಿಯುವರು.

"ಕೋಳಿಗೂಡು."

"ಹೌದು ರೀ. ನೀವೇ ಹುಂಜ. ಬಾಯಿ ತೆಗೀರಿ."

ಸಾರು ಮುಗೀತು. ಬಾಯಿ ಒರೆಸಿದೆ. ಆಮೇಲೆ ನನ್ನ ತಪಾಸಣೆ. ಹಿಮ್ಮಡಿ ನೋಡಿದೆ, ಹುಣ್ಣಾಗಿಲ್ಲ. ಕಿವಿ ಹಿಂದೆ ನೋಡಿದೆ, ಕೊಳೆ ಇಲ್ಲ. ಉಗುರು ನೋಡಿದೆ, ಕತ್ತರಿಸಿದ್ದರು. ಕೊನೆಗೆ ಅಸಲಿ ಕೆಲಸ. ಅವರ ಮೇಲೆ ಬಗ್ಗಿ, ಎಡಗಿವಿ ಹತ್ತಿರ ದಿಂಬಿನ ಮೂಲೆ ಎತ್ತಿ, ಕವರಿನ ಒಳಗೆ ಇಣುಕಿದೆ. ನನ್ನ ಕಣ್ಣು ಮಂಜು. ಹಾಗಾಗಿ ಮೂಗು ತಾಗುವಷ್ಟು ಬಗ್ಗಬೇಕು.

ಕೆಂಪು ದಾರ ಅಲ್ಲೇ ಇತ್ತು. ಅವತ್ತಿಗೆ ಹತ್ತೊಂಬತ್ತು ದಿನ.

"ಏನು... ಹುಡುಕ್ತೀ?" ಅಂದರು.

"ನಿಮ್ಮ ಬುದ್ಧಿ. ಇಲ್ಲೇ ಎಲ್ಲೋ ಉದುರಿಹೋಗಿದೆ."

ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು.

"ಯಾಕೆ, ನಾನು ನಾರ್ತಿದೀನಾ?"

"ಹೂಂ. ಈರುಳ್ಳಿ."

ಬಾತುಕೋಳಿ ಹೊಟ್ಟೆಗೆ ಈರುಳ್ಳಿ ತುಂಬದೆ ಗುಲಾಬಿ ತುಂಬ್ತಾರಾ ಅಂತ ಕೇಳಿದೆ. ನಕ್ಕರು. ಅರ್ಧ ಬಾಯಿಯ ನಗು. ನಾನು ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ.

ನಾವಿಬ್ಬರು ಆಡಿದ ಕೊನೇ ಮಾತು ಅದು. ಈರುಳ್ಳಿ.

ಈಗ ದಾರದ ವಿಷಯ ಹೇಳಬೇಕು.

ನಮ್ಮ ಮನೆ ನಾಲ್ಕನೇ ಮಹಡಿ. ಲಿಫ್ಟಿಲ್ಲ. ಲಕ್ವ ಹೊಡೆದ ಮೇಲೆ ಎಂಟು ತಿಂಗಳು ನಾನೊಬ್ಬಳೇ ನೋಡಿಕೊಂಡೆ. ಒಂದು ದಿನ ಬಚ್ಚಲಲ್ಲಿ ಅವರು ಜಾರಿದರು. ಹಿಡಿಯೋಕೆ ಹೋಗಿ ನಾನೂ ಬಿದ್ದೆ. ಅವರು ನನ್ನ ಮೇಲೆ. (ಸಾಗವಾನಿ ಬೀರು ಮೈಮೇಲೆ ಬಿದ್ದರೆ ಹೇಗೋ ಹಾಗೆ.) ಮಧ್ಯಾಹ್ನದವರೆಗೆ ಇಬ್ಬರೂ ಹಾಗೇ ಬಿದ್ದಿದ್ದೆವು. ಪಕ್ಕದ ಮನೆ ನಜಾತ್ ಬಂದು ಎತ್ತಿದಳು. ಮಾರನೇ ವಾರ ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಿದೆ.

ಎತ್ತಿದ ನಜಾತಳೇ ಮೆಟ್ಟಿಲ ಮೇಲೆ ನಿಂತು ಹೇಳಿದಳು: "ಇನ್ಶಿರಾಹ್, ಬದುಕಿರೋ ಗಂಡನ್ನ ಹೊರಗೆ ಹಾಕಿದ್ಯಲ್ಲ, ನಿನಗೆ ನಿದ್ದೆ ಹೇಗೆ ಬರುತ್ತೆ? ಅಲ್ಲಿ ಹಾಸಿಗೆ ಬಟ್ಟೆ ತಿಂಗಳಿಗೊಂದು ಸಲ ಬದಲಾಯಿಸ್ತಾರಂತೆ!"

ನಿದ್ದೆ ಬರುತ್ತಿರಲಿಲ್ಲ. ಅವಳಿಗೆ ಹೇಳಲಿಲ್ಲ. ಅಲ್ಲಿ ಚೆನ್ನಾಗಿ ನೋಡಿಕೊಂಡರೆ ನಾನು ಮಾಡಿದ್ದು ಸರಿ. ಇಲ್ಲವಾದರೆ ನಾನು ಗಂಡನನ್ನು ಕಸದ ಹಾಗೆ ಎಸೆದವಳು. ಇಷ್ಟೇ ಲೆಕ್ಕ. ತಿಳಿದುಕೊಳ್ಳಲೇಬೇಕಿತ್ತು.

ಆಗ ನನ್ನ ತಲೆಗೆ ಒಂದು ದಿವ್ಯ ಉಪಾಯ ಹೊಳೆಯಿತು. ಓದಿದ್ದು ಮೂರನೇ ಕ್ಲಾಸು, ಆದರೆ ಉಪಾಯ ದೊಡ್ಡ ಪೊಲೀಸ್ ಅಧಿಕಾರಿಯದ್ದು. ಅವರು ನಿದ್ದೆ ಹೋದಾಗ ದಿಂಬಿನ ಕವರಿನ ಒಳಮೂಲೆಗೆ ಒಂದು ಗೇಣುದ್ದ ಕೆಂಪು ದಾರ ಹೊಲಿದೆ. ಕವರ್ ಒಗೆಯೋಕೆ ಹೋದರೆ ದಾರವೂ ಹೋಗುತ್ತೆ. ದಾರ ಅಲ್ಲೇ ಇದ್ದರೆ ಕವರ್ ಬದಲಾಯಿಸಿಲ್ಲ. ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ.

ಮಾರನೇ ದಿನ ದಾರ ಇತ್ತು. ಮೂರನೇ ದಿನ ಇತ್ತು. ಹತ್ತನೇ ದಿನವೂ ಇತ್ತು. (ಕವರ್ ಸೋಪಿನ ವಾಸನೆ ಬರುತ್ತಿತ್ತು. ನಾನು ಹೋಗೋ ಹೊತ್ತಿಗೆ ಅದನ್ನೂ ಸಿಂಪಡಿಸ್ತಾರೆ, ಎಂಥ ಕಳ್ಳರು ಅಂದುಕೊಂಡೆ.) ಆ ಕೋಣೆ ನೋಡಿಕೊಳ್ಳುತ್ತಿದ್ದವಳು ರಾವ್ಯ ಅನ್ನೋ ಹುಡುಗಿ. ನನ್ನನ್ನು ಕಂಡರೆ "ಬನ್ನಿ ಖಾಲಾ, ಕೂತ್ಕೊಳ್ಳಿ ಖಾಲಾ" ಅಂತ ಸ್ವಂತ ಚಿಕ್ಕಮ್ಮನನ್ನು ಕರೆದ ಹಾಗೆ ನಗುವಳು. ಎಷ್ಟು ನಗ್ತೀಯೋ ನಗು, ಸರ್ಕಾರದವರು ಬರಲಿ ಅಂತ ಹಲ್ಲು ಕಚ್ಚಿದೆ. ಬರುವ ಸೋಮವಾರ ತಪಾಸಣೆ ಇದೆ, ಮನೆಯವರು ಅಹವಾಲು ಹೇಳಬಹುದು ಅಂತ ಆಶ್ರಮದಲ್ಲಿ ಚೀಟಿ ಹಂಚಿದ್ದರು. ನಜಾತ್‌ಳಿಂದ ಓದಿಸಿಕೊಂಡಿದ್ದೆ.

ಗುರುವಾರ ಬೆಳಗಿನ ನಮಾಜಿನ ಹೊತ್ತಿಗೆ ಫೋನು ಬಂತು.

ಹೋದೆ. ಅವರು ಮಲಗಿದ್ದರು. ಮುಖ ತೊಳೆದು, ತಲೆ ಬಾಚಿದ್ದರು. ರಾವ್ಯ ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ತಲೆ ಕೆಳಗಿಂದ ದಿಂಬು ತೆಗೆದರು. ನಾನು ಕವರ್ ಕಳಚಿದೆ, ಮೂಲೆ ಮುಟ್ಟಿ ನೋಡಿದೆ, ದಾರ ಇತ್ತು. ಮಡಚಿ ನಿಲುವಂಗಿಯೊಳಗೆ ತುರುಕಿಕೊಂಡೆ. ಗಂಡ ಸತ್ತ ದಿನ ನಾನು ದಿಂಬಿನ ಕವರ್ ಕದ್ದವಳು. ಮೇಲಿರೋನು ಬರೆದುಕೊಂಡಿರ್ತಾನೆ.

ಅವತ್ತೇ ಮಧ್ಯಾಹ್ನ ಮಣ್ಣು ಮಾಡಿದೆವು. ಮೂರು ದಿನ ಜನ ಬಂದರು, ಸಕ್ಕರೆ ಇಲ್ಲದ ಕಾಫಿ ಕುಡಿದರು, ಹೋದರು. ಸೋಮವಾರ ನಾನು ಕವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೊರಟೆ.

ಆಶ್ರಮದ ಮೇಲ್ವಿಚಾರಕರು ಫಿಕ್ರಿ ಸಾಹೇಬರು. ಅವರ ಕುರ್ಚಿಯಲ್ಲಿ ಅವತ್ತು ಸರ್ಕಾರದ ಶಹೀರಾ ಮೇಡಂ ಕೂತಿದ್ದರು. ಸಾಹೇಬರು ಪಕ್ಕದ ಸ್ಟೂಲಿನ ಮೇಲೆ, ಪರೀಕ್ಷೆಗೆ ಬಂದ ಹುಡುಗನ ಹಾಗೆ.

"ಹೇಳಿ ತಾಯಿ. ಆರೈಕೆಯ ಗುಣಮಟ್ಟ ಹೇಗಿತ್ತು? ಉತ್ತಮವಾ, ಸಾಧಾರಣವಾ, ಕಳಪೆಯಾ?"

"ಕಳಪೆ. ಬರೀರಿ."

ಮೇಡಂ ಬರೆದರು. ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು.

ನಾನು ಚೀಲ ಬಿಚ್ಚಿ ಸಾಕ್ಷ್ಯವನ್ನು ಮೇಜಿನ ಮೇಲೆ ಹರಡಿದೆ. "ಹತ್ತೊಂಬತ್ತು ದಿನ ನನ್ನ ಗಂಡ ಒಂದೇ ಕೊಳಕು ದಿಂಬಿನ ಮೇಲೆ ಮಲಗಿದ್ರು. ಇಗೋ ದಾರ. ನಾನೇ ಹೊಲಿದಿದ್ದು. ಬಿಚ್ಚೇ ಇಲ್ಲ."

ಫಿಕ್ರಿ ಸಾಹೇಬರ ಮುಖ ಬಿಳುಚಿಕೊಂಡಿತು. "ಇದು ನಿಜ ಆದ್ರೆ ಆ ಹುಡುಗಿ ಕೆಲಸ ಹೋಗುತ್ತೆ, ಖಾಲಾ."

"ಹೋಗಲಿ."

ರಾವ್ಯಳನ್ನು ಕರೆಸಿದರು. ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಮೇಜಿನ ಮೇಲೆ ಕವರ್ ಕಂಡದ್ದೇ ತಡ, ಕುಣಿದುಬಿಟ್ಟಳು.

"ಅಯ್ಯೋ, ಸಿಕ್ತಾ! ಖಾಲಾ, ಗುರುವಾರದಿಂದ ಹುಡುಕ್ತಿದೀನಿ! ಒಗೆಯೋ ಬಟ್ಟೆ ರಾಶಿಯೆಲ್ಲ ಮಗುಚಿ ಹಾಕ್ದೆ. ನಿಮ್ಮ ತಾಯಿತ ನಿಮಗೆ ವಾಪಸ್ ಕೊಡಬೇಕಿತ್ತಲ್ಲ."

"ಯಾವ ತಾಯಿತ?"

"ಈ ಕೆಂಪು ದಾರ! ದಿನಾ ಬೆಳಿಗ್ಗೆ ಬಿಚ್ಚಿ, ಒಗೆದ ಕವರ್‌ಗೆ ಹೊಲೀತಿದ್ದೆ. ಉಸ್ತಾಗೆ ಜೊಲ್ಲು ಜಾಸ್ತಿ ಆದ ದಿನ ಎರಡು ಸಲ ಹೊಲಿದಿದೀನಿ."

ಮೇಡಂ ನನ್ನ ಕಡೆ ನೋಡಿದರು. ನಾನು ಬಿಡೋಳಲ್ಲ. "ಸುಳ್ಳು. ಅದು ನನ್ನ ಹೊಲಿಗೆ."

ಮೇಡಂ ತಮ್ಮ ಕನ್ನಡಕ ತೆಗೆದುಕೊಟ್ಟರು. ಹಾಕಿಕೊಂಡೆ. ನಮ್ಮ ಯಜಮಾನರ ಸೋಫಾಗಳಿಗೆ ಬಟ್ಟೆ ಹೊಲಿದವಳು ನಾನು. ನನ್ನ ಹೊಲಿಗೆ ಒಂದೊಂದೂ ಗೆಣ್ಣುದ್ದ. ಇಲ್ಲಿದ್ದದ್ದು ಅಕ್ಕಿಕಾಳಿನಷ್ಟು. ಸಾಲಾಗಿ, ನೀಟಾಗಿ. ಸುತ್ತಲೂ ಹಳೇ ಸೂಜಿ ತೂತೊಂದೂ ಇಲ್ಲ. ನಾನು ಹೊಲಿದ ಕವರೇ ಇದಲ್ಲ.

ಕನ್ನಡಕ ತೆಗೆಯಲು ಮನಸ್ಸಾಗಲಿಲ್ಲ. ತೆಗೆದರೆ ತಲೆ ಎತ್ತಿ ಅವರೆಲ್ಲರ ಮುಖ ನೋಡಬೇಕಲ್ಲ.

"ತಾಯಿತ ಅಂತ ನಿನಗೆ ಯಾರು ಹೇಳಿದ್ದು?" ಅಂದೆ.

"ಉಸ್ತಾನೇ. ಮೊದಲ್ನೇ ದಿನ ಕವರ್ ಬಿಚ್ಚುವಾಗ ದಾರ ಕಂಡು ಕೇಳಿದೆ. ನೀವು ಹೊಲಿಯುವಾಗ ಅವರಿಗೆ ಎಚ್ಚರ ಇತ್ತಂತೆ. 'ತಾಯಿತ ಮಗಳೇ, ಕಳೀಬೇಡ' ಅಂದ್ರು."

ತಾಯಿತ! ತಾಯಿತ ಮಾರೋಕೆ ಬಂದವರನ್ನು ನಾಲ್ಕು ಮಹಡಿ ಕೆಳಗಿನವರೆಗೆ ಬೈದು ಇಳಿಸಿದವಳು ನಾನು. ಅದನ್ನು ನಲವತ್ತೊಂದು ವರ್ಷ ನೋಡಿದವರು ಅವರು. ದಾರ ಯಾತಕ್ಕೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಒಂದಿನ ನನಗೆ ಹೊಲಿಯೋಕೆ ಹೊತ್ತಾಯ್ತು," ಅಂದಳು ರಾವ್ಯ. "ನೀವು ಬರೋ ಟೈಮು. ಉಸ್ತಾ ಕಂಬಿ ಬಡಿದು ಬಡಿದು ಇಡೀ ಕೋಣೆ ಎಬ್ಬಿಸಿದ್ರು. 'ದಾರ, ದಾರ' ಅಂತ. ಯಾಕಿಷ್ಟು ಆತುರ ಅಂದೆ. 'ಅದಿದ್ರೆ... ಅವಳು ಬಗ್ತಾಳೆ' ಅಂದ್ರು. ಹಾಗಂದ್ರೇನು ಅಂದೆ. ಕಣ್ಣು ಮುಚ್ಚಿಕೊಂಡುಬಿಟ್ರು."



ನಮ್ಮವರಿದ್ದ ಕೋಣೆಯಲ್ಲಿ ನಾಲ್ಕು ಮಂಚ. ಇನ್ನೂ ಮೂರು ಗಂಡಸರು. ಅಷ್ಟು ಜನರ ಎದುರು ನಮ್ಮ ಕಡೆಯ ಹೆಂಗಸು ಗಂಡನ ಮುಖದ ಹತ್ತಿರ ಮುಖ ಇಡೋದಿಲ್ಲ. ಚಮಚ ಹಿಡಿದ ಕೈ ಎಷ್ಟು ಚಾಚುತ್ತೋ ಅಷ್ಟು ದೂರ ಕೂರ್ತಾಳೆ. ನಾನೂ ಹಾಗೇ ಕೂರ್ತಿದ್ದೆ. ದಾರ ಹೊಲಿದ ಮೇಲೆ ಮಾತ್ರ ದಿನಾ ಬಗ್ಗಿದೆ. ಹತ್ತೊಂಬತ್ತು ದಿನ ನಾನು ಪತ್ತೇದಾರಿಕೆ ಮಾಡುತ್ತಿದ್ದೆ. ಅವರು ಈರುಳ್ಳಿ ವಾಸನೆ ತೆಗೆದುಕೊಳ್ಳುತ್ತಿದ್ದರು.

ಆಗ ಅಳು ಬಂತು. ಮೂರು ದಿನ ಊರಿಗೆ ಊರೇ ಬಂದು ಕೂತಾಗ ಬಾರದ್ದು ಸರ್ಕಾರಿ ಮೇಡಂ ಎದುರು ಬಂತು. ಕನ್ನಡಕ ಪೂರ್ತಿ ಒದ್ದೆ. ಅದು ಮೇಡಂದು ಅಂತ ನೆನಪಾಗಿ ನಿಲುವಂಗಿ ತೋಳಲ್ಲಿ ಒರೆಸಿ ಕೊಟ್ಟೆ. ಇನ್ನೂ ಮಂಜಾಯಿತು.

"ಮೇಡಂ, ಆ ಕಳಪೆ ಅನ್ನೋದನ್ನ ಹೊಡೆದುಹಾಕಿ," ಅಂದೆ. "ಉತ್ತಮಕ್ಕಿಂತ ಮೇಲೆ ಏನಾದ್ರೂ ಇದ್ದರೆ ಅದನ್ನ ಬರೀರಿ."

"ಉತ್ತಮಕ್ಕಿಂತ ಮೇಲೆ ಸರ್ಕಾರದಲ್ಲಿ ಏನೂ ಇಲ್ಲ ತಾಯಿ. ಉತ್ತಮ ಅಂತ ತಿದ್ದುತೀನಿ. ಆದ್ರೆ ಇದು ದೂರಿನ ಫಾರ್ಮು. ನಂಬರ್ ಇದೆ, ಹೆಬ್ಬೆಟ್ಟು ಬಿದ್ದಿದೆ. ಹರಿಯೋ ಹಾಗಿಲ್ಲ. ದೂರಿನ ಜಾಗ ಖಾಲಿ ಬಿಡೋ ಹಾಗೂ ಇಲ್ಲ. ಏನಾದ್ರೂ ಒಂದು ದೂರು ಹೇಳಿ."

"ಇಲ್ಲವಲ್ಲ!"

"ಹುಡುಕಿ ಖಾಲಾ," ಅಂದರು ಫಿಕ್ರಿ ಸಾಹೇಬರು ದೈನ್ಯದಿಂದ. "ಚಿಕ್ಕದಾಗಿರಲಿ."

ದೂರು ಹುಡುಕೋಕೆ ನನಗೆ ಹೇಳಿಕೊಡಬೇಕಾ? "ಬೆಳಿಗ್ಗೆ ಬೇಯಿಸಿದ ಮೊಟ್ಟೆನ ಸಿಪ್ಪೆ ಸಮೇತ ಕೊಡ್ತೀರಿ," ಅಂದೆ. "ಕೈ ನಡುಗೋರು ಹೇಗೆ ಸುಲೀತಾರೆ? ಹಾಗೇ ವಾಪಸ್ ಇಡ್ತಾರೆ. ನಾನೇ ನೋಡಿದೀನಿ."

ಮೇಡಂ ಬರೆದುಕೊಂಡರು. ಅದೇನೋ ನಿಜವಾದ ದೂರು, ಅವರ ಮುಖ ಗಂಭೀರವಾಯಿತು. "ಯಾಕೆ ಸುಲಿದು ಕೊಡಲ್ಲ?"

"ಜನ ಇಲ್ಲ ಮೇಡಂ," ಅಂದರು ಸಾಹೇಬರು. "ಆ ಹೊತ್ತಲ್ಲಿ ರಾವ್ಯ ದಿಂಬು ಬದಲಾಯಿಸ್ತಿರ್ತಾಳೆ."

(ದಾರ ಹೊಲೀತಿರ್ತಾಳೆ ಅಂತ ಅನ್ನಲಿಲ್ಲ. ಒಳ್ಳೆ ಮನುಷ್ಯ.)

"ಮನೆಯವರು ಯಾರಾದ್ರೂ ಬಂದು ಮಾಡಬಹುದಲ್ಲ?" ಅಂದರು ಮೇಡಂ.

ಮೂವರೂ ನನ್ನನ್ನೇ ನೋಡಿದರು.

"ನಾನು ಈಗ ಯಾರ ಮನೆಯವಳೂ ಅಲ್ಲ," ಅಂದೆ. "ನಮ್ಮವರು ಹೋದರಲ್ಲ."

"ಹಾಗಂತ ಯಾರು ಹೇಳಿದ್ದು?" ಅಂದಳು ರಾವ್ಯ. "ಬನ್ನಿ ಖಾಲಾ. ಏಳು ಗಂಟೆಗೆ."

ದೂರಿನ ಕೆಳಗೆ, ಪರಿಹಾರ ಅನ್ನೋ ಜಾಗದಲ್ಲಿ, ಮೇಡಂ ನನ್ನ ಹೆಸರು ಬರೆದರು. ಎರಡನೇ ಹೆಬ್ಬೆಟ್ಟು ಒತ್ತಿಸಿಕೊಂಡರು. ಇನ್ನೊಬ್ಬಳ ಕೆಲಸ ಕಳೆಯೋಕೆ ಅಂತ ಹೋದವಳು ಸಂಬಳವಿಲ್ಲದ ಕೆಲಸಕ್ಕೆ ಸೇರಿ ವಾಪಸ್ ಬಂದೆ. ಮೆಟ್ಟಿಲ ಮೇಲೆ ನಜಾತ್ ಕಾದಿದ್ದಳು. "ಏನಾಯ್ತೇ? ಹಾಸಿಗೆ ಬಟ್ಟೆ ತಿಂಗಳಿಗೊಂದು ಸಲಾನೇ ತಾನೆ?"

"ದಿನಾ," ಅಂದೆ. "ಕೆಲವು ದಿನ ಎರಡು ಸಲ." ಅವಳನ್ನು ದಾಟಿಕೊಂಡು ಮೆಟ್ಟಿಲು ಹತ್ತಿದೆ. ಅವತ್ತು ಸ್ವಲ್ಪ ನಿದ್ದೆಯೂ ಬಂತು.

ಈಗ ದಿನಾ ಏಳಕ್ಕೆ ಹೋಗ್ತೀನಿ. ಅಡುಗೆಮನೆ ಕಿಟಕಿ ಹತ್ತಿರ ಕೂತು ಮೊಟ್ಟೆ ಸುಲೀತೀನಿ. ಇಪ್ಪತ್ತಮೂರು. ಬಿಸಿ ಇರುವಾಗಲೇ ಸುಲಿಯಬೇಕು, ಬೆರಳು ಸುಡುತ್ತೆ. ರಾವ್ಯ ದಿಂಬು ಮುಗಿಸಿ ಬಂದು ಹಿಂದೆ ನಿಲ್ಲುತ್ತಾಳೆ. ಒಂದೊಂದೇ ಮೊಟ್ಟೆ ಎತ್ತಿ ಬೆಳಕಿಗೆ ಹಿಡಿದು ತಿರುಗಿಸುತ್ತಾಳೆ.

"ಖಾಲಾ, ಇಲ್ಲೊಂದು ಸಿಪ್ಪೆ ಚೂರು ಉಳಿದಿದೆ."

ತಗೊಂಡು, ಚೂರು ತೆಗೆದು, ಬಟ್ಟಲಿಗೆ ಹಾಕಿ, ಇನ್ನೊಂದು ಕೈಗೆತ್ತಿಕೊಳ್ತೀನಿ.