ಹೊಟ್ಟೆಗೆ ಅಜ್ಜನ ಸಾಕ್ಷಿ

ಐವತ್ತೈದು ದಾಟಿದ ಗಂಡಸಿನಲ್ಲಿ ಎರಡು ಸಂಗತಿಗಳು ತಮ್ಮಷ್ಟಕ್ಕೆ ಬೆಳೆಯುತ್ತವೆ. ಒಂದು ಹೊಟ್ಟೆ, ಇನ್ನೊಂದು ಅದಕ್ಕೆ ಅವನು ಕೊಡುವ ಕಾರಣ. ನನ್ನಲ್ಲಂತೂ ಎರಡೂ ಪೈಪೋಟಿಗೆ ಬಿದ್ದು ಬೆಳೆದವು. ಕೌಲ್ ಬಜಾರಿನಲ್ಲಿ ನನ್ನದೊಂದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವುದು ನಮ್ಮ ಮನೆತನದ ಕಸುಬು. ವರ್ಷ ಕಳೆದಂತೆ ಗಾದಿ ಕುಗ್ಗುತ್ತದೆ, ಹೊಲಿದವನು ಉಬ್ಬುತ್ತಾನೆ. ಮೊದಮೊದಲು ಇದು ಬಳ್ಳಾರಿಯ ನೀರಿನ ದೋಷ ಎಂದೆ. ಯಾರೂ ನಂಬಲಿಲ್ಲ. ಆಮೇಲೆ ಹೆಂಡತಿ ರಜಿಯಾಳ ತವರಿನ ಮೇಲೆ ಹಾಕಿದೆ. ಅವಳು ಸಿರುಗುಪ್ಪದವಳು. ಭತ್ತದ ಸೀಮೆಯ ಹೆಣ್ಣುಮಕ್ಕಳು ಅನ್ನ ಬಡಿಸುವುದಿಲ್ಲ, ರಾಶಿ ಹಾಕುತ್ತಾರೆ ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿದೆ. ಅದು ಅವಳ ಕಿವಿಗೂ ಬಿತ್ತು. "ಮನ್ಯಾಗ ಉಂಡಿದ್ದು ನನ್ನ ತಪ್ಪು ಅನ್ರಿ, ಆಗ್ಲಿ. ದಿನಾ ಸಂಜಿಗೆ ಬ್ರೂಸ್‌ಪೇಟಿಗೆ ಹೋಗಿ ಮಿರ್ಚಿ ತಿಂತೀರಲ್ಲ, ಅಲ್ಲೂ ನನ್ನ ತವರಿನೋರೇ ಬಂದು ನಿಮ್ಮ ಬಾಯಿ ತೆಗಸ್ತಾರೇನು?" ಎಂದಳು. ಆ ಕಾರಣವನ್ನೂ ಅಲ್ಲಿಗೇ ಬಿಟ್ಟೆ.

ನಿಜವಾದ ಪೀಕಲಾಟ ಶುರುವಾದದ್ದು ಪಾರ್ವತಿನಗರದ ಡಾಕ್ಟರ ಮುಂದೆ. ಅವರು ಟೇಪು ಹಿಡಿದು ನನ್ನ ಸೊಂಟ ಅಳೆದರು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದರು. "ಮೌಲಾಸಾಬ್ರ, ಗುಳಿಗಿಗೆ ಸಕ್ಕರಿ ಜಗ್ಗವಲ್ದು. ಮೂರು ತಿಂಗಳು ಟೈಮ್ ಕೊಡ್ತೀನಿ. ಹೊಟ್ಟಿ ಇಳೀಲಿಲ್ಲಂದ್ರ ದಿನಾ ಇನ್ಸುಲಿನ್ ಸೂಜಿ" ಎಂದರು. ಮೂವತ್ತು ವರ್ಷ ದಬ್ಬಣ ಹಿಡಿದೇ ಬದುಕಿದ್ದೇನೆ ನಿಜ, ಆದರೆ ಮೊನೆ ಯಾವತ್ತೂ ಗಾದಿಯ ಕಡೆಗಿರುತ್ತಿತ್ತು. ನನಗೆ ಸೂಜಿ ಎಂದರೆ ಜೀವಭಯ. "ಏನ್ ಮಾಡಿದ್ರೂ ಇಳಿಯವಲ್ದ್ರಿ" ಎಂದು ಅಂಗಲಾಚಿದೆ. ಏನು ಮಾಡಿದಿರಿ ಎಂದು ಪುಣ್ಯಕ್ಕೆ ಅವರು ಕೇಳಲಿಲ್ಲ. "ಮೈಕಟ್ಟು, ಕೊಬ್ಬು ಒಂದಿಷ್ಟು ಹಿರೇರಿಂದಾನೂ ಬರ್ತೈತಿ. ವಯಸ್ಸಾದಂಗ ಖಂಡ ಕರಗಿ ಕೊಬ್ಬು ಹೊಟ್ಟಿಗೆ ಸೇರ್ತೈತಿ. ನಿಮ್ಮ ಮನಿತನದಾಗ ಯಾರಿಗನ ಹಿಂಗ ಇತ್ತೇನು? ಇದ್ರೂ ನಡೀಬೇಕು, ಬಾಯಿ ಕಟ್ಟಬೇಕು. ತಿಂಗಳಿಗೊಮ್ಮೆ ಬಂದು ತೋರಸ್ರಿ" ಎಂದರು.

ಹಿರಿಯರಿಂದ ಬರುತ್ತದೆ ಎಂಬುದರ ಮುಂದಿನದೇನೂ ನನ್ನ ತಲೆಗೆ ಹೋಗಲಿಲ್ಲ. ಅಂದರೆ ಇದು ನಾನು ತಿಂದದ್ದಲ್ಲ, ನನಗೆ ಬಂದದ್ದು! ಹಿರಿಯರು ಏನೂ ಬಿಟ್ಟುಹೋಗಲಿಲ್ಲ ಎಂದು ಇಷ್ಟು ವರ್ಷ ಗೊಣಗಿದ್ದಕ್ಕೆ ತೋಬಾ ತೋಬಾ ಎಂದು ಕೆನ್ನೆ ಬಡಿದುಕೊಂಡೆ. ಸಾಕ್ಷಿಯೂ ಇತ್ತು. ಕುರುಗೋಡಿನಲ್ಲಿ ಹುಸೇನಬಿ ಅತ್ತೆಯ ಮನೆಗೋಡೆಯ ಮೇಲೆ ನಮ್ಮಜ್ಜನ ಫೋಟೊ ಇದೆ. ಅಜ್ಜ ಕುರ್ಚಿ ತುಂಬಿ ಕೂತಿದ್ದಾನೆ, ಅಂಗಿಯ ಗುಂಡಿಗಳು ಬಿಗಿದು ನಿಂತಿವೆ. ಆ ಹೊಟ್ಟೆಯ ಧೈರ್ಯದ ಮೇಲೆ ಒಂದು ತಿಂಗಳು ಮಿರ್ಚಿಯನ್ನು ಎರಡರಿಂದ ನಾಲ್ಕಕ್ಕೆ ಏರಿಸಿದೆ. ಡಾಕ್ಟರನ್ನು ಕಾಣುವ ಹಿಂದಿನ ದಿನ ಕುರುಗೋಡಿನ ಬಸ್ಸು ಹತ್ತಿದೆ.

ಅತ್ತೆಗೆ ಎಂಬತ್ತು ದಾಟಿದೆ, ಅಜ್ಜನ ಮಕ್ಕಳಲ್ಲಿ ಉಳಿದವಳು ಅವಳೊಬ್ಬಳೇ. "ಅತ್ತಿ, ನನ್ನ ಹೊಟ್ಟಿ ಅಜ್ಜನಿಂದ ಬಂದೈತಂತ ಡಾಕ್ಟ್ರಿಗೆ ತೋರಸ್ಬೇಕು, ಫೋಟೊ ಕೊಡು" ಎಂದೆ. ಅವಳು ಫೋಟೊ ನೋಡಿದಳು, ನನ್ನ ಹೊಟ್ಟೆ ನೋಡಿದಳು, ಕೆಮ್ಮು ಬರುವವರೆಗೆ ನಕ್ಕಳು.

"ಲೇ ಮೌಲಾ, ಅದು ಹೊಟ್ಟಿ ಅಲ್ಲಲೇ! ಅಂಗಿ ಒಳಗ ತುಂಬಿದ ಹತ್ತಿ ಅರಳಿ! ನಿಮ್ಮಜ್ಜ ತೊಗರಿ ಕಟಿಗಿ ಇದ್ದಂಗ ಇದ್ದ. ಬೆಳಗಿಂದ ಸಂಜಿತನ ಬಿಲ್ಲು ಹಿಡಿದು ಹತ್ತಿ ಹಿಂಜೋನಿಗೆ ಹೊಟ್ಟಿ ಎಲ್ಲಿಂದ ಬರಬೇಕು? ನಿಕಾ ಮಾತಾಡೋವಾಗ, ಹುಡುಗ ಇಷ್ಟು ಬಡಕಲು ಅದಾನಂತ, ಆ ಮನ್ಯಾಗ ಕೂಳು ಐತೋ ಇಲ್ಲೋ ಅಂತ ನಮ್ಮವ್ವನ ತವರಿನೋರು ಅಂದ್ರಂತ. ಅದಕ್ಕ ಹಿಂಗ ಫೋಟೊ ತೆಗೆಸಿ ಕಳಿಸಿದ್ರು. ನಿಕಾ ದಿನಾನೂ ಅದನ್ನ ಕಟ್ಕಂಡೇ ಕುಂತಿದ್ನಂತ! ನಿಮ್ಮಪ್ಪನೂ ಕಡ್ಡೀನ. ಈ ಮನಿತನದಾಗ ಖರೇ ಹೊಟ್ಟಿ ಅಂದ್ರ ನಿಂದ ಮೊದಲನೇದು ನೋಡಪ."

ಮಾನವಂತನಾದವನು ಫೋಟೊ ಅಲ್ಲೇ ಬಿಟ್ಟು ಬರುತ್ತಿದ್ದ. ನಾನು, ಫೋಟೊಕ್ಕೇನು ಬಾಯಿ ಇದೆಯೇ ಎಂದುಕೊಂಡು, ಪೇಪರಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಬಂದೆ.

ಡಾಕ್ಟರು ಅಜ್ಜನನ್ನು ಬಹಳ ಹೊತ್ತು ನೋಡಿದರು. ಪಾಪ ಅನ್ನುತ್ತಾರೆ ಎಂದು ನಾನು ಕಾದೆ. ಅವರ ಮುಖ ಸಣ್ಣಗಾಯಿತು. "ವಂಶದಾಗ ಇಷ್ಟು ಐತಂದ್ರ ನಿಮಗ ಬ್ಯಾರೇರಿಗಿಂತ ಅಪಾಯ ಜಾಸ್ತಿ, ಮೌಲಾಸಾಬ್ರ. ಇನ್ನ ಎರಡು ತಿಂಗಳು ಕಾಯೋದು ಬ್ಯಾಡ. ಇವತ್ತಿಂದಾನ ಸೂಜಿ ಶುರು ಮಾಡೋಣ" ಎಂದು ಪೆನ್ನು ತೆಗೆದರು.

"ಡಾಕ್ಟ್ರೇ, ತಡೀರಿ! ಅದು ಅರಳಿ ಐತ್ರಿ!" ಎಂದು ಕೂಗಿಬಿಟ್ಟೆ.

ಎಲ್ಲವನ್ನೂ ಒಪ್ಪಿಕೊಂಡೆ. ಡಾಕ್ಟರು ಪೆನ್ನು ಕೆಳಗಿಟ್ಟು, ನರ್ಸಮ್ಮನನ್ನು ಕರೆದು, ನನ್ನಿಂದ ಅದನ್ನು ಮತ್ತೊಮ್ಮೆ ಹೇಳಿಸಿದರು. ನಕ್ಕು ಸುಸ್ತಾದ ಮೇಲೆ, "ಹಂಗಾದ್ರ ಎರಡು ತಿಂಗಳು ನಿಮ್ಮವ. ರಕ್ತದಾಗ ಇಲ್ಲದ ಹೊಟ್ಟಿ ಇಳಿಸೋದು ಏನ್ ದೊಡ್ಡದು, ನಡೀರಿ" ಎಂದರು. ಇದ್ದ ಒಂದೇ ಕಾರಣವನ್ನು ನನ್ನ ಬಾಯಿಂದಲೇ ಕಳೆದುಕೊಂಡು ಹೊರಗೆ ಬಂದೆ.

ಈಗ ಬೆಳಗಾದರೆ ರಜಿಯಾ ನನ್ನನ್ನು ಮುಂದೆ ಬಿಟ್ಟುಕೊಂಡು ನಡೆಸುತ್ತಾಳೆ. ನಿಕಾ ಮುಗಿದ ಮೇಲೆ ಅಜ್ಜ ತನ್ನ ಹೊಟ್ಟೆ ಬಿಚ್ಚಿ, ಅದೇ ಅರಳೆಯನ್ನು ಹಿಂಜಿ, ಅಜ್ಜಿಗೊಂದು ದಿಂಬು ಹೊಲಿದುಕೊಟ್ಟನೆಂದು ಅತ್ತೆ ಹೇಳಿದ್ದಳು. ರಜಿಯಾಳ ಮನಸ್ಸು ಕರಗಲಿ, ಒಂದು ಸುತ್ತು ಕಡಿಮೆಯಾಗಲಿ ಎಂದು ಮೊನ್ನೆ ಇದನ್ನು ಅವಳಿಗೆ ಹೇಳಿದೆ. ಅವಳು ನಿಂತು ನನ್ನನ್ನು ಒಂದು ಗಳಿಗೆ ಅಳೆಯುವಂತೆ ನೋಡಿದಳು.

"ಅವರದು ದಿಂಬಿಗೆ ಆತು. ನಿಮ್ಮದು ಬಿಚ್ಚಿದ್ರ ಡಬಲ್ ಕಾಟಿನ ಗಾದೀನ ಆಗ್ತೈತಿ. ನಡೀರಿ, ನಡೀರಿ."